ತೀರ್ಪು ನನ್ನ ಕಡೆ ಬಂತು

ಟಿವಿಯ ಗಾಜಿನ ಮೇಲೆ ಹೂ ಕಟ್ಟುವ ದಾರವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಾನು ಅರ್ಧ ಗಂಟೆ ನಿಂತಿದ್ದೆ. ಸೋಫಾದ ಮೇಲೆ ನನ್ನ ಗಂಡ, ಕೆಳಗೆ ಕಾರ್ಪೆಟ್ಟಿನ ಮೇಲೆ ನನ್ನ ತಮ್ಮ, ಇಬ್ಬರ ನಡುವೆ ವಿಡಿಯೋದ ರಿಮೋಟು. ಪರದೆಯ ಮೇಲೆ ಬಿಳಿ ಹೆಲ್ಮೆಟ್ಟಿನ ಒಬ್ಬ ಆಟಗಾರ ಚೆಂಡನ್ನು ಮೈದಾನದ ಅಡ್ಡಕ್ಕೆ ಎಸೆದು ಹಾಗೇ ನಿಂತುಬಿಟ್ಟಿದ್ದ. ಚೆಂಡೂ ಗಾಳಿಯಲ್ಲೇ ನಿಂತಿತ್ತು.

"ಅಲ್ಲಾಡಿಸ್ಬೇಡ ಕಣೇ. ಅವನ ಕೈ ಹತ್ರ ಇಡು. ಆ ಬಿಳೀ ಗೆರೆಗೆ ಸಮ ಇರ್ಲಿ," ಎಂದರು ನಮ್ಮವರು.

"ಮಾವ, ದಾರಾನ ನಿಮಗೆ ಬೇಕಾದ ಕಡೆಗೆ ಎಳೆಸ್ತಾ ಇದೀರ ನೀವು."

"ಲೋ, ನಾನು ಕೂತಲ್ಲಿಂದ ಎದ್ದಿಲ್ಲ. ಹಿಡ್ಕೊಂಡಿರೋಳು ನಿನ್ನಕ್ಕ."

"ಹೇಳ್ತಿರೋರು ನೀವು!"

ಅದು ಅಮೆರಿಕದ ಫುಟ್‌ಬಾಲು. ಹೆಸರಿಗೆ ಫುಟ್‌ಬಾಲು, ಕಾಲು ತಾಗುವುದೇ ಅಪರೂಪ. ವರ್ಷದ ಕೊನೆಯ ಸುತ್ತಿನ ಪಂದ್ಯಗಳು ಜನವರಿಯಲ್ಲಿ. ಅಲ್ಲಿ ಸೋತವರು ಸೀದಾ ಮನೆಗೆ. ಈ ಪಂದ್ಯದಲ್ಲಿ ಕೆಂಪು ಹೆಲ್ಮೆಟ್ಟಿನವರು ಒಂದೇ ಒಂದು ಪಾಯಿಂಟು ಮುಂದಿದ್ದರು, ಆಟ ಮುಗಿಯಲು ಕೆಲವೇ ಸೆಕೆಂಡು ಉಳಿದಿತ್ತು. ಅವರು ಒದ್ದ ಚೆಂಡನ್ನು ಬಿಳಿಯವರು ಹಿಡಿದು, ಒಬ್ಬ ಮೈದಾನದ ಆ ಬದಿಗೆ ಎಸೆದ, ಅಲ್ಲಿದ್ದವನು ಹಿಡಿದು ಕೊನೆಯ ಗೆರೆಯವರೆಗೂ ಓಡಿಬಿಟ್ಟ, ಅಲ್ಲಿಗೆ ಗೆಲುವು ಬಿಳಿಯವರದು. ಹಾಗೆ ಎಸೆಯುವಾಗ ಚೆಂಡು ಪಕ್ಕಕ್ಕೆ ಹೋಗಬಹುದು, ಹಿಂದಕ್ಕೆ ಹೋಗಬಹುದು. ಒಂದು ಗೇಣು ಮುಂದಕ್ಕೆ ಹೋದರೂ ತಪ್ಪು. ಹೋಯಿತೋ ಇಲ್ಲವೋ, ಅದೇ ಜಗಳ. ಮೈದಾನದ ರೆಫ್ರಿ ಸರಿ ಎಂದ. ಆಮೇಲೆ ದೊಡ್ಡ ರೆಫ್ರಿ ಒಂದು ಕಪ್ಪು ಮುಸುಕಿನೊಳಗೆ ತಲೆ ತೂರಿಸಿ ಅಲ್ಲಿದ್ದ ಸಣ್ಣ ಟಿವಿಯಲ್ಲಿ ಮತ್ತೆ ಮತ್ತೆ ನೋಡಿದ. ಸಾವಿರಾರು ಜನ ಉಸಿರು ಹಿಡಿದು ಕಾದರು. ಹೊರಗೆ ಬಂದವನು ಹೇಳಿದ್ದು ಇಷ್ಟೇ: ಮೈದಾನದಲ್ಲಿ ಕೊಟ್ಟ ತೀರ್ಪೇ ನಿಲ್ಲುತ್ತದೆ.

ಶನಿವಾರ ಸಂಜೆ ಆ ಆಟ ಬರುವಾಗ ನಮ್ಮವರು ಡ್ಯೂಟಿಯಲ್ಲಿದ್ದರು. ಟೇಪು ಮಾಡಿಟ್ಟು ಭಾನುವಾರ ಊಟವಾದ ಮೇಲೆ ನೋಡಿದ್ದು. ಒಂದು ಸಲ ಅಲ್ಲ. ಆ ಎಸೆತವನ್ನೇ ಹಿಂದೆ ತಿರುಗಿಸಿ, ಮುಂದೆ ಬಿಟ್ಟು, ನಿಲ್ಲಿಸಿ, ಸಂಜೆಯ ಕಾಫಿಯವರೆಗೆ.

"ಮುಂದಕ್ಕೆ ಹೋಗಿದೆ ಮಾವ. ಕಣ್ಣಿದ್ದೋರಿಗೆ ಯಾರಿಗಾದ್ರೂ ಕಾಣತ್ತೆ."

"ನಿನಗೆ ಕಾಣತ್ತೆ. ನನಗೆ ಕಾಣಲ್ಲ. ಅಲ್ಲಿಗೆ ಅನುಮಾನ ಇದೆ ಅಂತಾಯ್ತು. ಅನುಮಾನ ಇದ್ರೆ ಮೊದಲು ಹೇಳಿದ್ದೇ ನಿಲ್ಬೇಕು. ಅದನ್ನ ಬದಲಾಯಿಸೋಕೆ ಯಾರೂ ಇಲ್ಲ ಅನ್ನಕ್ಕಾಗದೇ ಇರೋ ಅಂಥ ಸಾಕ್ಷಿ ಬೇಕು. ಅದೇ ರೂಲು."

"ಅನ್ಯಾಯ ಆದ್ರೂನೂವಾ?"

"ಆದ್ರೂನೂ. ಇಲ್ದಿದ್ರೆ ಆಟಾನೇ ಮುಗಿಯಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ಹತ್ತಿರದಲ್ಲಿ ನಿಂತಿರೋಳು ನೀನು. ಏನ್ ಕಾಣ್ತು ಹೇಳು."

ಚೆಂಡು ದಾರಕ್ಕಿಂತ ಒಂದು ಕೂದಲಷ್ಟು ಮುಂದಿದ್ದ ಹಾಗೆ ನನಗೆ ಕಂಡಿತ್ತು. ಆದರೆ, "ನನಗೇನೂ ಗೊತ್ತಾಗಲ್ಲಪ್ಪ, ಕೈ ನೋಯ್ತಿದೆ," ಎಂದು ದಾರ ಸುತ್ತಿಕೊಂಡು ಅಡುಗೆಮನೆಗೆ ಹೋದೆ. ತಮ್ಮ ಹಿಂದಿನಿಂದ ಕೂಗಿದ: "ರೆಫ್ರಿ ಓಡ್ಹೋದ್ಲು!"

ನಮ್ಮವರು ನನ್ನ ತಾಯಿಯ ತಮ್ಮ. ಸೋದರಮಾವನಿಗೆ ಕೊಡುವುದು ನಮ್ಮಲ್ಲಿ ಹೊಸದೇನಲ್ಲ. ಅವರು ಓದಿ ಡಾಕ್ಟರಾಗಿ ಇಂಗ್ಲೆಂಡಿಗೆ ಬಂದಿದ್ದರು. ನಾನು ಏಳನೇ ತರಗತಿಗೆ ಶಾಲೆ ಬಿಟ್ಟವಳು. ನಮ್ಮಿಬ್ಬರಿಗೆ ಹದಿಮೂರು ವರ್ಷ ಅಂತರ. ಅಜ್ಜಿ ಹೂಂ ಅನ್ನಿಸಿದರು, ಅವರು ತಾಯಿಯ ಮಾತು ಮೀರಲಿಲ್ಲ. ಚಿಕ್ಕಂದಿನಿಂದ ಮಾವ ಮಾವ ಎಂದು ಕರೆದವಳಿಗೆ ರೀ ಅನ್ನುವುದು ರೂಢಿಯಾಗಲು ಆರು ತಿಂಗಳು ಬೇಕಾಯಿತು. ಕೆಟ್ಟವರಲ್ಲ. ಒಂದು ದಿನ ಗದರಿದವರಲ್ಲ. ಆದರೆ ಆಸ್ಪತ್ರೆಯ ಡ್ಯೂಟಿ ಪಟ್ಟಿ ಹೇಳಿದ ಹಾಗೆ ಅವರ ಜೀವನ, ಅವರ ಜೀವನ ಹೇಳಿದ ಹಾಗೆ ನನ್ನದು. ಈ ದೇಶಕ್ಕೆ ಬಂದ ಹೊಸತರಲ್ಲಿ, ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿ ಒಬ್ಬರೇ ಇದ್ದಾಗ, ಭಾನುವಾರ ಟಿವಿಯಲ್ಲಿ ಬರುತ್ತಿದ್ದ ಈ ಆಟ ಅವರಿಗೆ ಅಂಟಿಕೊಂಡಿತಂತೆ. ಬೇರೆ ಡಾಕ್ಟರುಗಳು ಕ್ರಿಕೆಟ್ ಅನ್ನುತ್ತಿದ್ದರು. ಇವರಿಗೆ ಆಟಕ್ಕಿಂತ ಅದರ ರೂಲುಗಳು ಇಷ್ಟ.

ಬರ್ಮಿಂಗ್‌ಹ್ಯಾಮಿನ ಹೊರಗೆ ನಮ್ಮ ಮನೆ. ಕಿಟಕಿಗಳಿಗೆ ಎರಡೆರಡು ಗಾಜು, ಹೊರಗಿನ ಸದ್ದು ಒಳಗೆ ಬರುವುದಿಲ್ಲ. ಮುಂಬಾಗಿಲಿಗೆ ಒಳಗಿನಿಂದಲೂ ಬೀಗದ ಕೈ ಹಾಕಬೇಕು. ಕೀ ನನ್ನ ಹತ್ತಿರವೇ ಇತ್ತು, ಯಾರೂ ನನ್ನನ್ನು ಕೂಡಿಹಾಕಿರಲಿಲ್ಲ. ಆದರೆ ಬಾಗಿಲು ತೆರೆದು ಎಲ್ಲಿಗೆ ಹೋಗುವುದು? ನನಗೆ ಕಾರು ಬರುವುದಿಲ್ಲ, ಇಲ್ಲಿಯ ಮಾತು ಬರುವುದಿಲ್ಲ. ಮಕ್ಕಳಾಗಲಿಲ್ಲ. ಯಾವತ್ತಾದರೂ ಶನಿವಾರ ಇವರಿಗೆ ರಜ ಇದ್ದರೆ ಊರಿನ ಆ ತುದಿಯ ದೇವಸ್ಥಾನ. ಅಲ್ಲಿ ಡಾಕ್ಟರುಗಳ ಹೆಂಡತಿಯರು, ಬಹಳ ಮಂದಿ ತಾವೂ ಡಾಕ್ಟರುಗಳೇ, ಮನೆ ಸಾಲದ ಕಂತು, ಮಕ್ಕಳ ಸ್ಕೂಲು ಎಂದು ಮಾತಾಡುತ್ತಿದ್ದರು. ನಾನು ಪ್ರಸಾದದ ದೊನ್ನೆ ಹಿಡಿದು ನಗುತ್ತಾ ನಿಲ್ಲುತ್ತಿದ್ದೆ. ಎಂಟು ವರ್ಷ ಹೀಗೆ.

ಹಾಗಿರುವಾಗ ತಮ್ಮ ಬಂದ. ಊರಲ್ಲಿ ಎಂಬಿಬಿಎಸ್ ಮುಗಿಸಿ, ಇಲ್ಲಿ ಕೆಲಸ ಮಾಡಲು ಬೇಕಾದ ಪರೀಕ್ಷೆಯನ್ನು ಎರಡನೇ ಸಲಕ್ಕೆ ಪಾಸು ಮಾಡಿದ. ಪಾಸಾದರೆ ಕೆಲಸ ಸಿಕ್ಕಿದ ಹಾಗಲ್ಲ. ನಮ್ಮವರ ಪರಿಚಯದ ಆಸ್ಪತ್ರೆಯೊಂದರಲ್ಲಿ ಸಂಬಳವಿಲ್ಲದೆ ದೊಡ್ಡ ಡಾಕ್ಟರುಗಳ ಹಿಂದೆ ಓಡಾಡುತ್ತಾ, ವಾರಕ್ಕೆ ಹತ್ತಾರು ಅರ್ಜಿ ಕಳಿಸುತ್ತಾ, ನಮ್ಮ ಮುಂದಿನ ರೂಮಿನಲ್ಲಿ ಆರು ತಿಂಗಳಿಂದ ಕಾಯುತ್ತಿದ್ದ. ಹೃದಯದ ಡಾಕ್ಟರಾಗಬೇಕು ಅಂತ ಅವನಿಗೆ. ಈ ದೇಶದಲ್ಲಿ ಹೊಸ ಕೆಲಸಗಳು ಶುರುವಾಗುವುದು ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ. ಫೆಬ್ರವರಿ ತಪ್ಪಿದರೆ ಆಗಸ್ಟ್‌ನವರೆಗೆ ಕೂರಬೇಕು. ಅವನ ವೀಸಾ ಸೆಪ್ಟೆಂಬರಿಗೆ ಮುಗಿಯುತ್ತಿತ್ತು.

ಅವನಿಗೆ ಅದು ಕಾಯುವ ಕಾಲ. ನನಗೆ ಈ ದೇಶದಲ್ಲಿ ಬದುಕಿದ ಕಾಲ. ನನ್ನನ್ನು ಮೊದಲ ಸಲ ಬಸ್ಸಿಗೆ ಹತ್ತಿಸಿದವನು ಅವನು. ಪೇಟೆಯ ಮಾರ್ಕೆಟ್ಟಿನಲ್ಲಿ ಬೆಂಡೆಕಾಯಿ ಆರಿಸುತ್ತಿದ್ದಾಗ ಅಂಗಡಿಯವಳು ಏನೋ ಅಂದಳು. ನಾನೇ ಉತ್ತರ ಕೊಡಲಿ ಎಂದು ಅವನು ಬೇಕೆಂದೇ ಆ ಕಡೆ ತಿರುಗಿ ನಿಂತ. ಇಂಗ್ಲಿಷ್ ಕಲಿಸಲು ಅವನು ಕಂಡುಕೊಂಡ ದಾರಿ ನಮ್ಮ ಫೋನಿನ ಪಕ್ಕದ ಮೆಸೇಜ್ ಮಿಷಿನ್ನು. ಮನೆಯಲ್ಲಿ ಯಾರೂ ಎತ್ತದಿದ್ದರೆ ಕರೆ ಮಾಡಿದವರು ಹೇಳಿದ್ದು ಅದರೊಳಗಿನ ಪುಟ್ಟ ಕ್ಯಾಸೆಟ್ಟಿನಲ್ಲಿ ಉಳಿಯುತ್ತದೆ, ಕೆಂಪು ದೀಪ ಮಿಣುಕುತ್ತದೆ. ನಾನು ಫೋನು ಎತ್ತುತ್ತಿರಲಿಲ್ಲ, ಭಯ. ಅವನು ಸಂಜೆ ಬಂದು ಆ ಮೆಸೇಜುಗಳನ್ನು ಹಾಕಿ, "ಯಾರು? ಏನಂತೆ? ಯಾವತ್ತಂತೆ? ಬರಿ," ಎನ್ನುತ್ತಿದ್ದ. ನಾನು ಕನ್ನಡದಲ್ಲಿ ಬರೆದು ತೋರಿಸುತ್ತಿದ್ದೆ. ಗ್ಯಾಸಿನವರು ಮಂಗಳವಾರ. ಡೆಂಟಿಸ್ಟು ನಾಲ್ಕೂವರೆ. ಸರಿಯಾದರೆ, "ಪಾಸು. ನಮ್ಮಕ್ಕನೂ ಪಾಸು," ಎಂದು ಬೆನ್ನು ತಟ್ಟುತ್ತಿದ್ದ.

ದಾರ ಹಿಡಿದ ಮಾರನೆಯ ದಿನ, ಸೋಮವಾರ, ಮಧ್ಯಾಹ್ನ ನಾನು ಅಕ್ಕಿ ತೊಳೆಯುತ್ತಿದ್ದೆ. ಫೋನು ಹೊಡೆದುಕೊಂಡು ನಿಂತಿತು. ಮಿಷಿನ್ನಿನಲ್ಲಿ ಮೊದಲು ನಮ್ಮವರ ದನಿ, ಆಮೇಲೆ ಒಬ್ಬ ಹೆಂಗಸಿನ ದನಿ. ತಮ್ಮನ ಹೆಸರನ್ನು ಮೂರು ತುಂಡು ಮಾಡಿ ಹೇಳಿದಳು. ಲೀಡ್ಸಿನ ಆಸ್ಪತ್ರೆಯವಳು. ಇಂಟರ್‌ವ್ಯೂಗೆ ಕರೆದಿದ್ದ ಒಬ್ಬರು ಬರುವುದಿಲ್ಲವಂತೆ, ಆ ಜಾಗಕ್ಕೆ ಇವನು. ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ. ಕಾಗದ ಕಳಿಸಲು ಸಮಯವಿಲ್ಲ, ದಯವಿಟ್ಟು ಫೋನು ಮಾಡಿ ತಿಳಿಸಬೇಕು. ನಂಬರನ್ನು ಎರಡು ಸಲ ನಿಧಾನವಾಗಿ ಹೇಳಿದಳು.

ನನಗೆ ಎಲ್ಲ ಅರ್ಥವಾಯಿತು. ಒಂದು ಶಬ್ದ ಬಿಡದೆ ಅರ್ಥವಾಯಿತು. ಮೊದಲು ಖುಷಿಯೇ ಆಯಿತು, ಸುಳ್ಳು ಹೇಳುವುದಿಲ್ಲ. ಕೈ ಒರೆಸಿಕೊಂಡು ಬಂದು ಒಂದು ಹಳೆಯ ಲಕೋಟೆಯ ಬೆನ್ನಿಗೆ ಬರೆದೆ. ಲೀಡ್ಸ್, ಬುಧವಾರ, ಹತ್ತು. ಇನ್ನೊಮ್ಮೆ ಹಾಕಿ ಕೇಳಿ ನಂಬರು ತಾಳೆ ನೋಡಿದೆ. ಆಮೇಲೆ ಕುರ್ಚಿ ಎಳೆದು ಕೂತೆ. ಮುಂದಿನ ರೂಮಿನಲ್ಲಿ ಅವನ ಹಾಸಿಗೆ ಕಾಣುತ್ತಿತ್ತು, ಮೇಲೆ ಒಣಗಲು ಹಾಕಿದ ಸ್ವೆಟರು. ಫೆಬ್ರವರಿ ಮೊದಲ ವಾರಕ್ಕೆ ಆ ಹಾಸಿಗೆ ಖಾಲಿಯಾಗುತ್ತದೆ ಎಂದು ತಲೆಗೆ ಬಂತು. ಲೀಡ್ಸ್ ಎಷ್ಟು ದೂರವೋ ನನಗೆ ತಿಳಿಯದು. ನಮ್ಮ ಬಸ್ ಸ್ಟಾಪು ದಾಟಿದರೆ ನನಗೆ ಎಲ್ಲವೂ ಒಂದೇ ದೂರ. ಅವನು ಹೋಗುತ್ತಾನೆ, ಗಾಜುಗಳು, ಬಾಗಿಲು, ಸದ್ದಿಲ್ಲದ ಮಧ್ಯಾಹ್ನ, ಎಲ್ಲ ಮೊದಲಿನ ಹಾಗೆ ನನ್ನ ಮೇಲೆ ಮುಚ್ಚಿಕೊಳ್ಳುತ್ತದೆ.

ಇಷ್ಟೊಂದು ಅರ್ಜಿ ಹಾಕಿದ್ದಾನೆ, ಹತ್ತಿರದಲ್ಲೇ ಇನ್ನೊಂದು ಬರುತ್ತದೆ ಅಂದುಕೊಂಡೆ. ಅವನ ಬಾಳು ಕೆಡಿಸಬೇಕು ಎಂದು ಯೋಚಿಸಿರಲಿಲ್ಲ. ಯುಗಾದಿಯವರೆಗೆ ಇರಲಿ ಎಂದಷ್ಟೇ ಇತ್ತು. ಆದರೆ ಅಳಿಸುವ ಗುಂಡಿ ಒತ್ತಿದ್ದು ಈ ಕೈ. ಲಕೋಟೆಯನ್ನು ನಾಲ್ಕು ಮಡಿಕೆ ಮಾಡಿ ಕಸದ ಬುಟ್ಟಿಯಲ್ಲಿ ಬಾಳೆಕಾಯಿ ಸಿಪ್ಪೆಯ ಕೆಳಗೆ ತುರುಕಿದೆ. ಐದು ಗಂಟೆಗೆ ಅವನು ಬಂದು ಮಿಷಿನ್ನಿನ ಕಡೆ ನೋಡಿದ. "ಇವತ್ತು ಪಾಠ ಇಲ್ವಾ ಅಕ್ಕ?" ಎಂದ. "ಯಾರೂ ಮಾಡಿಲ್ಲ," ಎಂದೆ.

ಮಂಗಳವಾರವಿಡೀ ಸಮಯವಿತ್ತು. ಬೆಳಿಗ್ಗೆ ತಿಂಡಿ ಬಡಿಸುವಾಗ ಹೇಳಬಹುದಿತ್ತು. ಮರೆತಿದ್ದೆ ಅಂದಿದ್ದರೂ ನಡೆಯುತ್ತಿತ್ತು. ಅವನು ಉಪ್ಪಿಟ್ಟು ಇನ್ನೊಂದು ಸಲ ಹಾಕಿಸಿಕೊಂಡ. ನಾನು ಹಾಕಿದೆ.

ಬುಧವಾರ ಸಂಜೆ ಅವನ ಕಾಲೇಜಿನ ಗೆಳೆಯನೊಬ್ಬ ಫೋನು ಮಾಡಿದ. ಅವನೂ ಅದೇ ಇಂಟರ್‌ವ್ಯೂಗೆ ಹೋಗಿದ್ದನಂತೆ. ಬಾಗಿಲಲ್ಲಿ ಅಂಟಿಸಿದ್ದ ಪಟ್ಟಿಯಲ್ಲಿ ನಿನ್ನ ಹೆಸರಿತ್ತು, ಎರಡು ಸಲ ಕೂಗಿದರು, ಯಾಕೆ ಬರಲಿಲ್ಲ ಎಂದು ಕೇಳಿದ. ತಮ್ಮ ಗುರುವಾರ ಬೆಳಿಗ್ಗೆ ಆ ಆಸ್ಪತ್ರೆಗೆ ಕರೆ ಮಾಡಿದ. ಸೋಮವಾರವೇ ನಿಮ್ಮ ಮಿಷಿನ್ನಿನಲ್ಲಿ ಹೇಳಿದ್ದೇನೆ ಎಂದಳು ಸೆಕ್ರೆಟರಿ. ಜಾಗ ತುಂಬಿಹೋಗಿತ್ತು.

ಸಂಜೆ ನಮ್ಮವರು ಬಂದು ಕೋಟು ಬಿಚ್ಚುವ ಮೊದಲೇ ಅವನು ಎಲ್ಲ ಹೇಳಿದ. ಅವರು ಮಿಷಿನ್ನಿನ ಮುಂದೆ ಮಂಡಿಯೂರಿ ಕ್ಯಾಸೆಟ್ಟನ್ನು ಮೊದಲಿಂದ ಕೊನೆಯವರೆಗೆ ಓಡಿಸಿದರು. ಬರೀ ಸುಯ್ಯೆನ್ನುವ ಸದ್ದು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ.

"ಸೋಮವಾರ ಮನೇಲೇ ಇದ್ಯಲ್ಲ. ಫೋನ್ ಬಂತಾ?"

"ನಾನು ಸ್ನಾನಕ್ಕೆ ಹೋಗಿದ್ದೆ."

"ಬಂದ್ಮೇಲೆ ಕೆಂಪು ದೀಪ ಇತ್ತಾ?"

"ಇರ್ಲಿಲ್ಲ."

"ಸರಿಯಾಗಿ ಯೋಚ್ನೆ ಮಾಡಿ ಹೇಳು."

"ಇರ್ಲಿಲ್ಲ ರೀ."

ಅವರು ನಿಧಾನವಾಗಿ ಎದ್ದರು. ಮೊನ್ನೆ ಭಾನುವಾರ ಕಂಡ ಅದೇ ಮುಖ, ಎರಡು ಕಡೆಯನ್ನೂ ತೂಗುವ ಮುಖ. "ಆಯಮ್ಮ ಮೆಸೇಜ್ ಬಿಟ್ಟಿದೀನಿ ಅಂತಾಳೆ, ಟೇಪಲ್ಲಿ ಏನೂ ಇಲ್ಲ. ಇಲ್ಲಿ ಇದ್ದೋಳು ಇವಳೊಬ್ಬಳು. ಇವಳು ಇಲ್ಲ ಅಂತಾಳೆ. ಇದಕ್ಕಿಂತ ಜಾಸ್ತಿ ಸಾಕ್ಷಿ ನಮ್ಮ ಹತ್ರ ಇಲ್ಲ. ಹಾಗಾದ್ರೆ ಇವಳ ಮಾತೇ..."

ಅವರಿಗೆ ಮುಗಿಸಲು ತಮ್ಮ ಬಿಡಲಿಲ್ಲ. "ಅಯ್ಯೋ ಬಿಡಿ ಮಾವ. ಅಕ್ಕ ಇಲ್ಲ ಅಂದ್ರೆ ಇಲ್ಲ. ಅದಕ್ಯಾಕೆ ನಿಮ್ಮ ರೂಲು ಬೇಕು?"

ನನ್ನ ಕಡೆ ನೋಡಿ ಸ್ವಲ್ಪ ನಕ್ಕ. ಆ ನಗುವನ್ನು ನಾನು ಎಷ್ಟೋ ವರ್ಷ ಮನಸ್ಸಿನಲ್ಲೇ ಹಿಂದೆ ತಿರುಗಿಸಿ, ಮುಂದೆ ಬಿಟ್ಟು, ನಿಲ್ಲಿಸಿ ನೋಡಿದ್ದೇನೆ. ಅವನಿಗೆ ಗೊತ್ತಾಗಿದೆ, ಗೊತ್ತಾಗಿಯೂ ಮಾವನ ಮುಂದೆ ನನ್ನನ್ನು ಉಳಿಸಿದ ಎಂದು ಅವತ್ತೇ ನಿರ್ಧಾರ ಮಾಡಿಕೊಂಡೆ. ನನ್ನಷ್ಟು ಚೆನ್ನಾಗಿ ಆ ಮಿಷಿನ್ನನ್ನು ಕಲಿತವರು ಯಾರೂ ಇಲ್ಲ ಎಂಬುದು ಅವನಿಗೆ ತಿಳಿಯದ್ದೇ? ಕಲಿಸಿದವನೇ ಅವನು. ಅವನು ಕ್ಷಮಿಸಿದ್ದಾನೆ ಎಂದುಕೊಂಡರೆ ಬಾಯಿ ಬಿಡುವ ಅಗತ್ಯವೇ ಇರಲಿಲ್ಲ.

ನಮ್ಮವರು ಶನಿವಾರವೇ ಹೊಸ ಮಿಷಿನ್ನು ತಂದರು. ಹಳೆಯದನ್ನು ಮುಂಚೆಯೇ ಬದಲಾಯಿಸಬೇಕಿತ್ತು, ತಪ್ಪು ನನ್ನದು ಎಂದು ಊರಿಗೆ ಫೋನು ಮಾಡಿ ನನ್ನ ಅಮ್ಮನಿಗೆ, ತಮ್ಮ ಸ್ವಂತ ಅಕ್ಕನಿಗೆ, ಹೇಳಿಕೊಂಡರು. ನಾನು ಪಕ್ಕದಲ್ಲೇ ಇದ್ದೆ. ತಡೆಯಲಿಲ್ಲ.

ನಾನು ಬಯಸಿದ ಹಾಗೆ ತಮ್ಮ ಮನೆಯಲ್ಲೇ ಉಳಿದ. ಯುಗಾದಿಗೆ ಇದ್ದ, ಬೇಸಿಗೆಗೂ ಇದ್ದ. ಆದರೆ ನನಗೆ ಅವನ ಎದುರು ಕೂರುವುದೇ ಕಷ್ಟವಾಯಿತು. ಮೆಸೇಜು ಬರೆಯುವ ಪಾಠ ನಿಂತಿತು, ತಲೆನೋವು ಎಂದೆ. ಮಾರ್ಕೆಟ್ಟಿಗೆ ಹೋಗೋಣ ಎಂದರೆ ಮಂಡಿನೋವು ಎಂದೆ. ಮೊದಲು ಮನೆ ನನ್ನನ್ನು ಒಳಗೆ ಇಟ್ಟಿತ್ತು. ಈಗ ಆ ಮನೆಯೊಳಗೆ ನನಗೆ ಅಡುಗೆಮನೆಯೊಂದೇ ಉಳಿಯಿತು. ಅವನಿಗೆ ಬರುತ್ತಿದ್ದ ಕಾಗದಗಳೆಲ್ಲ ಒಂದೇ ಥರ, ವಿಷಾದಿಸುತ್ತೇವೆ ಎಂದು. ಆಗಸ್ಟ್ ಕಳೆಯಿತು. ಸೆಪ್ಟೆಂಬರಿನಲ್ಲಿ ಅವನು ವಿಮಾನ ಹತ್ತಿದ. ಹೊರಡುವಾಗ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಕಾಲು ಹಿಂದಕ್ಕೆ ಎಳೆದುಕೊಳ್ಳಬೇಕು ಅನ್ನಿಸಿತು, ಆಗಲಿಲ್ಲ.

ಈಗ ತಿಪಟೂರಿನಲ್ಲಿ ಅವನ ಕ್ಲಿನಿಕ್ಕಿದೆ. ಜ್ವರ, ಕೆಮ್ಮು, ಗಾಯಕ್ಕೆ ಹೊಲಿಗೆ. ಹೃದಯದ ಕಾಯಿಲೆಯವರನ್ನು ಬೆಂಗಳೂರಿಗೆ ಚೀಟಿ ಬರೆದು ಕಳಿಸುತ್ತಾನೆ. ಮದುವೆಯಾಗಿ ಮಗಳಿದ್ದಾಳೆ. ಪ್ರತಿ ಭಾನುವಾರ ಫೋನು ಮಾಡುತ್ತಿದ್ದ. ಏಳೆಂಟು ವರ್ಷ ಹಾಗೇ ಕಳೆದ ಮೇಲೆ ಒಂದು ಭಾನುವಾರ ಅವನು ಫೋನನ್ನು ಮಗಳ ಕೈಗೆ ಕೊಟ್ಟು ಆಚೆ ಹೋದಾಗ ಅವಳು ಕೇಳಿದಳು: "ಅತ್ತೆ, ಅಪ್ಪ ಇಂಗ್ಲೆಂಡಲ್ಲಿ ಫೇಲ್ ಆಗಿ ವಾಪಸ್ ಬಂದ್ರಂತೆ, ಹೌದಾ? ನಮ್ಮ ಕ್ಲಾಸಲ್ಲಿ ಒಬ್ಳು ಹೇಳ್ತಾಳೆ."

ಆ ಮಗುವಿಗೆ ನಾನು ಏನೋ ಹೇಳಿ ಜಾರಿಕೊಂಡೆ. ಮಾರನೆಯ ದಿನ ನಮ್ಮವರು ಆಸ್ಪತ್ರೆಗೆ ಹೋದ ಮೇಲೆ ನಾನೇ ಕ್ಲಿನಿಕ್ಕಿಗೆ ಫೋನು ಮಾಡಿದೆ. ಬೇರೆ ಯಾವ ಮಾತೂ ಆಡಲಿಲ್ಲ.

"ಆ ಫೋನು ಬಂದಿತ್ತು ಕಣೋ."

"ಯಾವ ಫೋನಕ್ಕ?"

"ಲೀಡ್ಸಿಂದು. ನಾನು ಕೇಳಿಸ್ಕೊಂಡೆ. ನಾನೇ ಅಳಿಸಿದ್ದು."

ಆ ಕಡೆ ಒಂದು ಸ್ಕೂಟರು ಹಾರನ್ನು ಬಾರಿಸಿಕೊಂಡು ಹೋಯಿತು.

"ಮಿಷಿನ್ ಕೆಟ್ಟಿತ್ತಲ್ಲ?"

"ಕೆಟ್ಟಿರ್ಲಿಲ್ಲ."

"ನೀನು ಇಲ್ಲ ಅಂದೆ."

"ಹೂಂ. ನಿನಗೆ ಗೊತ್ತಿತ್ತು, ಗೊತ್ತಿದ್ದೂ ಸುಮ್ನಾದೆ ಅನ್ಕೊಂಡಿದ್ದೆ."

"ನನಗೆ ಹ್ಯಾಗೆ ಗೊತ್ತಾಗತ್ತೆ?" ಅವನ ದನಿ ಏರಲಿಲ್ಲ, ಏರಿದ್ದರೆ ಚೆನ್ನಾಗಿತ್ತು. "ನೀನು ಇಲ್ಲ ಅಂದ್ಮೇಲೆ ನಾನ್ಯಾಕೆ ಯೋಚ್ನೆ ಮಾಡ್ಲಿ? ಆ ಸೆಕ್ರೆಟರಿ ತನ್ನ ತಪ್ಪು ಮುಚ್ಕೊಳ್ಳೋಕೆ ಸುಳ್ಳು ಹೇಳಿದ್ಲು ಅನ್ಕೊಂಡೆ. ಇಷ್ಟು ವರ್ಷ ಅವಳನ್ನ ಬೈಕೊಂಡಿದೀನಿ. ಯಾಕಕ್ಕ?"

"ನೀನು ಹೋಗ್ಬಿಡ್ತೀಯ ಅಂತ."

"ಲೀಡ್ಸಿಗಾ? ರೈಲಲ್ಲಿ ಎರಡು ಗಂಟೆ ಅಕ್ಕ. ಹೋಗ್ಬೇಡ ಕಣೋ ಅಂತ ಒಂದ್ಮಾತು ಅಂದಿದ್ರೆ ರಜ ಇದ್ದಾಗೆಲ್ಲ ಬರ್ತಿದ್ದೆ."

ಆಮೇಲೆ ಅವನೇ ಕೇಳಿದ. "ಮಾವನಿಗೆ ಗೊತ್ತಾ?"

"ಇಲ್ಲ. ಇವತ್ತೇ ಹೇಳ್ತೀನಿ."

"ಬೇಡ. ಅವರು ತಮ್ಮದೇ ತಪ್ಪು ಅಂತ ಅಮ್ಮನ ಹತ್ರ ಅತ್ತಿದಾರೆ. ಈಗ ಹೇಳಿ ಅವರಿಗೇನು ಕೊಟ್ಹಾಗಾಗತ್ತೆ? ಹೇಳ್ಬೇಡ. ಪೇಷಂಟ್ ಕೂತಿದಾರೆ, ಇಡ್ತೀನಿ."

ಹೇಳಿಬಿಟ್ಟರೆ ಹಗುರವಾಗುತ್ತದೆ ಅನ್ನುತ್ತಾರೆ. ನಾನು ನಂಬಿಕೊಂಡು ಬದುಕಿದ್ದ ಒಂದು ಕ್ಷಮೆ ಇತ್ತಲ್ಲ, ಅದೂ ಆ ದಿನ ಹೋಯಿತು. ಅವನು ಯಾವತ್ತೂ ಕ್ಷಮಿಸಿರಲಿಲ್ಲ, ಬರೀ ನಂಬಿದ್ದ. ಇನ್ನು ನಮ್ಮವರಿಗೆ ಹೇಳಬೇಡ ಎಂದು ಅವನು ಕೇಳಿಕೊಂಡ ಮಾತೊಂದು ಉಳಿದಿದೆ. ಊಟ ಬಡಿಸುವಾಗ, ಮಾತ್ರೆ ಕೊಡುವಾಗ, ಅವರ ಜೊತೆ ಕೂತು ಟಿವಿ ನೋಡುವಾಗ ಆ ಮಾತನ್ನು ಕಾಯುತ್ತೇನೆ. ಅವರು ಕನ್ನಡ ಓದುವುದು ಬಿಟ್ಟು ಬಹಳ ವರ್ಷವಾಯಿತು. ಆ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ತಮ್ಮ ಫೋನು ಮಾಡುವುದನ್ನು ನಿಲ್ಲಿಸಲಿಲ್ಲ. ಎರಡು ವಾರ ಬಿಟ್ಟು ಮತ್ತೆ ಭಾನುವಾರಗಳಲ್ಲಿ ಮಾಡತೊಡಗಿದ. ಮೊದಲು ನನ್ನ ಜೊತೆ ಮಾತಾಡುತ್ತಾನೆ. ಹೇಗಿದೀಯಾ ಅನ್ನುತ್ತಾನೆ, ಚೆನ್ನಾಗಿದೀನಿ ಅನ್ನುತ್ತೇನೆ. ಬಿಪಿ ಮಾತ್ರೆ ತಗೋತಿದೀಯಾ ಅನ್ನುತ್ತಾನೆ, ತಗೋತಿದೀನಿ ಅನ್ನುತ್ತೇನೆ. ಸರಿ, ಮಾವನಿಗೆ ಕೊಡು ಅನ್ನುತ್ತಾನೆ. ಕೊಟ್ಟು ಎರಡು ಹೆಜ್ಜೆ ಹೋಗುವಷ್ಟರಲ್ಲಿ ನಮ್ಮವರು ನಗುವುದು ಕೇಳಿಸುತ್ತದೆ.

"ನಿನ್ನಕ್ಕ ಬಿಪಿ ಮಾತ್ರೆ ತಗೋತಾಳಾ ಅಂತ ನನ್ನ ಕೇಳ್ತೀಯಲ್ಲೋ. ಈಗ್ತಾನೆ ಅವಳನ್ನೇ ಕೇಳ್ಲಿಲ್ವಾ?"